ನಿರೀಕ್ಷಿತ ಗ್ರೇಡಿನ ಕೆಂಪು ದಾರ

ಶಿರಸಿಯಲ್ಲಿ ನಡೆದ ಗಣಿತ ಶಿಕ್ಷಕರ ತರಬೇತಿಗೆ ನಾನು ಹೋದದ್ದು ಅಲ್ಲಿ ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆ ಎಂಬ ಒಂದೇ ಕಾರಣಕ್ಕೆ. ಊಟ ನಿಜಕ್ಕೂ ಚೆನ್ನಾಗಿತ್ತು. ಉಂಡು ಬಂದು ಎಲ್ಲರೂ ತೂಕಡಿಸುತ್ತಿದ್ದ ಹೊತ್ತಿಗೆ ಸಂಪನ್ಮೂಲ ವ್ಯಕ್ತಿ ಎಂಬ ಬಿರುದು ಹೊತ್ತ ಮಹನೀಯರೊಬ್ಬರು ಎದ್ದು ನಿಂತು, "ಪ್ರತಿ ವಿದ್ಯಾರ್ಥಿಯಿಂದ ನೀವು ಯಾವ ಗ್ರೇಡು ನಿರೀಕ್ಷೆ ಮಾಡುತ್ತೀರಿ? ಅವನಿಗೆ ಬರುತ್ತಿರುವ ಗ್ರೇಡು ಯಾವುದು? ಎರಡನ್ನೂ ನಕ್ಷೆಯಲ್ಲಿ ತೋರಿಸಿ ಗೋಡೆಗೆ ತೂಗುಹಾಕಿ. ಅಂತರ ಕಣ್ಣಿಗೆ ಕಂಡರೆ ಸಾಕು, ಅದು ತಾನಾಗಿಯೇ ಕಡಿಮೆಯಾಗುತ್ತದೆ!" ಎಂದು ಅಪ್ಪಣೆ ಕೊಡಿಸಿದರು. ಉಳಿದ ಮಾಸ್ತರರೆಲ್ಲ ನಿದ್ದೆಯಲ್ಲಿದ್ದುದರಿಂದ ಬಚಾವಾದರು. ನನ್ನ ಗ್ರಹಚಾರ, ನಾನೊಬ್ಬ ಎಚ್ಚರವಾಗಿದ್ದೆ!

ಶಾಲೆಯೊಳಗಿನ ಪರೀಕ್ಷೆಗಳಿಗೆ ಅಂಕದ ಬದಲು ಎ, ಬಿ, ಸಿ ಎಂದು ಗ್ರೇಡು ಕೊಡುವ ಹೊಸ ಷೋಕಿ ಹಿಂದಿನ ವರ್ಷವಷ್ಟೇ ನಮ್ಮ ಕಡೆ ಬಂದಿತ್ತು. ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಹತ್ತನೇ ತರಗತಿಯ ಗಣಿತದ ಫಲಿತಾಂಶ ಪ್ರತಿ ವರ್ಷವೂ ನನ್ನ ಪಾಠಕ್ಕಿಂತ ಹೆಚ್ಚಾಗಿ ಮಕ್ಕಳ ತಾಯಂದಿರ ಹರಕೆಗಳ ಮೇಲೆ ನಿಂತಿತ್ತು. ಇಂಥ ಪರಿಸ್ಥಿತಿಯಲ್ಲಿ, ಪಾಠ ಮಾಡುವ ರಗಳೆಯಿಲ್ಲದೆ ಬರೀ ನಕ್ಷೆ ತೂಗುಹಾಕಿ ಮಕ್ಕಳನ್ನು ಉದ್ಧಾರ ಮಾಡುವ ಮಾರ್ಗವೊಂದು ಸಿಕ್ಕಿದರೆ ಯಾರು ಬಿಡುತ್ತಾರೆ? ಬರುವಾಗ ಶಿರಸಿ ಪೇಟೆಯಲ್ಲಿ ಆಳೆತ್ತರದ ಥರ್ಮೋಕೋಲು ಹಾಳೆಯನ್ನೂ ಒಂದು ಡಬ್ಬಿ ಗುಂಡುಸೂಜಿಯನ್ನೂ ಕೊಂಡು, ಬಸ್ಸಿನಲ್ಲಿ ಕಂಡಕ್ಟರನಿಂದ ಬೈಸಿಕೊಳ್ಳುತ್ತ ಮನೆಗೆ ತಂದೆ.

ನನ್ನ ಯೋಜನೆ ಬಹಳ ಸರಳವಾಗಿತ್ತು. ಹಾಳೆಯ ಕೆಳಗೆ ಉದ್ದಕ್ಕೂ ಮಕ್ಕಳ ಹೆಸರು. ಎಡಬದಿಗೆ ಕೆಳಗಿನಿಂದ ಮೇಲಕ್ಕೆ ಸಿ, ಬಿ, ಎ. ಪ್ರತಿ ಹೆಸರಿನ ಮೇಲೂ ನಾನು ನಿರೀಕ್ಷಿಸುವ ಗ್ರೇಡಿನ ಎತ್ತರಕ್ಕೆ ಒಂದು ಸೂಜಿ, ಪರೀಕ್ಷೆಯಲ್ಲಿ ಬಂದ ಗ್ರೇಡಿನ ಎತ್ತರಕ್ಕೆ ಇನ್ನೊಂದು. ನಿರೀಕ್ಷೆಯ ಸೂಜಿಗಳನ್ನೆಲ್ಲ ಕೆಂಪು ದಾರದಿಂದಲೂ ಬಂದ ಗ್ರೇಡಿನ ಸೂಜಿಗಳನ್ನು ಹಸಿರು ದಾರದಿಂದಲೂ ಜೋಡಿಸಿದರೆ ಇಡೀ ತರಗತಿಯ ಯೋಗ್ಯತೆ ಒಂದೇ ನೋಟಕ್ಕೆ ಸಿಗಬೇಕು. ದಾರಕ್ಕೆ ಖರ್ಚು ಮಾಡಲಿಲ್ಲ. ಹೆಂಡತಿ ಸರಸ್ವತಿಯ ಹೆಣಿಗೆ ಬುಟ್ಟಿಯಲ್ಲಿ ಎರಡೂ ಬಣ್ಣದ ಉಣ್ಣೆ ಧಾರಾಳವಾಗಿತ್ತು.

"ಇಲ್ಲಿದ್ದ ಕೆಂಪು ಉಣ್ಣೆ ಎಲ್ಲಿ ಹೋತು?" ಎಂದು ಅವಳು ಸಂಜೆ ಕೇಳಿದಳು.

"ಶಿಕ್ಷಣದ ಸೇವೆಗೆ ಹೋಯ್ದು."

"ರಘುವಿನ ಮಗಂಗೆ ಸ್ವೆಟರ್ ಹೆಣೆಯಕ್ಕು ಹೇಳಿ ಇಟ್ಟಿದ್ದು ಅದು! ನಿಂಗ್ಳ ಸೇವೆಗೆ ಯನ್ನ ಉಣ್ಣೆಯೇ ಬೇಕಾಗಿತ್ತಾ?"

ರಘು ಎಂದರೆ ಅವಳ ತಮ್ಮ, ಯಲ್ಲಾಪುರದವನು. ಅವನೂ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನೇ. ಆದರೆ ನನಗಿಂತ ಚಿಕ್ಕವನು, ಮಾತು ಕಡಿಮೆ, ತರಬೇತಿಗಳಿಗೆ ಹೋಗುವ ಉಮೇದು ಇನ್ನೂ ಕಡಿಮೆ. ಹಾಗಾಗಿ ಅವನ ಗಣಿತದ ಬಗ್ಗೆ ನನಗೆ ಅಷ್ಟಕ್ಕಷ್ಟೇ. ಅವನ ಮಗ ಒಂದು ಚಳಿಗಾಲ ಸ್ವೆಟರಿಲ್ಲದೆ ಕಳೆದರೆ ನಾಡಿಗೆ ನಷ್ಟವೇನೂ ಇಲ್ಲ ಎಂದು ನಾನು ಸೂಜಿ ಚುಚ್ಚಲು ಕೂತೆ.

ಒಬ್ಬೊಬ್ಬರ ಹೆಸರಿನ ಮೇಲೂ ಯೋಚಿಸಿ ಯೋಚಿಸಿ ಸೂಜಿ ಚುಚ್ಚುತ್ತ ಬಂದು ನಮ್ಮ ಮಗಳು ಶುಭಾಳ ಹೆಸರಿನ ಹತ್ತಿರ ಗಕ್ಕನೆ ನಿಂತೆ. ಹೌದು, ಅವಳೂ ಅದೇ ತರಗತಿ. ಹತ್ತನೆಯದಾದ ಮೇಲೆ ಶಿರಸಿಗೆ ಹೋಗಿ ಪಿಯುಸಿಯಲ್ಲಿ ಗಣಿತವಿರುವ ಸೈನ್ಸೇ ತೆಗೆದುಕೊಳ್ಳಬೇಕು ಎಂದು ಎರಡು ವರ್ಷದಿಂದ ಜಪ ಮಾಡುತ್ತಿದ್ದಳು. ಅಲ್ಲಿ ಸೀಟು ಸಿಗಬೇಕಾದರೆ ಗಣಿತದಲ್ಲಿ ಗಟ್ಟಿ ಅಂಕ ಬರಲೇಬೇಕು. ಹೋದ ವರ್ಷ ಅವಳಿಗೆ ಎ ಬಂದಿತ್ತು. ದಿನಾ ಸಂಜೆ ಪುಸ್ತಕ ಹಿಡಿದು ನನ್ನ ಪಕ್ಕ ಬಂದು ಕೂತು ಲೆಕ್ಕ ಕೇಳುತ್ತಿದ್ದಳು. ನ್ಯಾಯವಾಗಿ ಅವಳ ಸೂಜಿ ಎ ಮೇಲೆಯೇ ಇರಬೇಕು. ಆದರೆ ಮಾಸ್ತರ ತನ್ನ ಮಗಳಿಗೆ ತಾನೇ ಎ ಬರೆದುಕೊಂಡ ಎಂದು ಊರವರು ಆಡಿಕೊಂಡರೆ? ನನ್ನ ನಿಷ್ಪಕ್ಷಪಾತ ಧೋರಣೆಗೆ ಮಸಿ ಹತ್ತಿದರೆ? ನಾನು ಎದೆ ಗಟ್ಟಿ ಮಾಡಿಕೊಂಡು ಸೂಜಿಯನ್ನು ಬಿ ಮೇಲೆ ಚುಚ್ಚಿದೆ. ಆ ಕ್ಷಣ ನನ್ನ ತ್ಯಾಗಕ್ಕೆ ನಾನೇ ಮೆಚ್ಚಿ ತಲೆದೂಗಿದೆ!

ಶುಭಾ ಬಂದು ನೋಡಿದಳು.

"ಅಪ್ಪಾ, ಯಂಗೆ ಬಿ ಯಾ?"

"ಇದು ಬರೀ ನಿರೀಕ್ಷೆ ಮಗಾ."

"ಹೋದ ವರ್ಷ ಎ ಬಂದಿತ್ತಲಿ?"

"ಗೊತ್ತಿದ್ದು. ನಾಲ್ಕು ಜನ ನೋಡ್ತ ಅಲ್ದಾ? ಮಾಸ್ತರನ ಮಗಳು ಹೇಳಿದ ಮೇಲೆ ಸ್ವಲ್ಪ ತಗ್ಗಿಯೇ ಇರಕ್ಕು."

ಆವತ್ತು ಸಂಜೆ ಅವಳು ಪುಸ್ತಕ ಹಿಡಿದು ನನ್ನ ಪಕ್ಕಕ್ಕೆ ಬರಲಿಲ್ಲ. ಸರಸ್ವತಿ ಮಾತ್ರ ಒಳಗಿನಿಂದಲೇ, "ಊರವರ ಬಾಯಿಗೆ ಹೆದರಿ ಮಗಳ ಗ್ರೇಡು ಇಳಿಸಿದ ಅಪ್ಪನ್ನ ಇದೇ ಮೊದಲು ನೋಡಿದ್ದು!" ಎಂದಳು. ಮಹತ್ಕಾರ್ಯಗಳಿಗೆ ಮನೆಯಲ್ಲಿ ಬೆಂಬಲ ಸಿಗುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ನಕ್ಷೆ ಶಾಲೆಯ ಪಡಸಾಲೆಯ ಗೋಡೆಗೇರಿತು. ಪಾಲಕರ ಸಭೆ ಕರೆದು, ಕೆಂಪು ದಾರವೆಂದರೇನು ಹಸಿರು ದಾರವೆಂದರೇನು ಎಂದು ಕೋಲು ಹಿಡಿದು ವಿವರಿಸಿದೆ. ಎಲ್ಲರೂ ಮೊದಲ ಕಿರುಪರೀಕ್ಷೆಯ ಹಸಿರು ದಾರ ನೋಡಿ, ನಮ್ಮ ಮಗ ಹಿಂದೆ ಬಿದ್ದಿದ್ದಾನಲ್ಲ ಎಂದು ಹೌಹಾರುತ್ತಾರೆ ಎಂಬುದು ನನ್ನ ಅಂದಾಜು. ಹಸಿರು ದಾರವನ್ನು ಒಬ್ಬನೇ ಒಬ್ಬ ಪುಣ್ಯಾತ್ಮ ಕಣ್ಣೆತ್ತಿ ನೋಡಲಿಲ್ಲ! ಎಲ್ಲರ ಕಣ್ಣೂ ಕೆಂಪು ದಾರದ ಮೇಲೆ. ಅದರಲ್ಲೂ ತಮ್ಮ ಮಗನ ಸೂಜಿ ಎಲ್ಲಿದೆ ಎಂಬುದಕ್ಕಿಂತ ಪಕ್ಕದ ಮನೆಯವನ ಮಗನ ಸೂಜಿ ಎಲ್ಲಿದೆ ಎಂಬುದರ ಮೇಲೆ.

ಮೊದಲು ಎದ್ದವರು ಗಣಪ ಭಟ್ಟರು. ಅವರೂ ಸುಬ್ರಾಯ ಭಟ್ಟರೂ ದಾಯಾದಿಗಳು. ಮನೆಗೆ ಗೋಡೆ ಒಂದೇ, ಬಾಗಿಲು ಎರಡು. ಹಿಸ್ಸೆಯಾದ ಲಾಗಾಯ್ತು ಮಾತಿಲ್ಲ. ಇಬ್ಬರ ಮಕ್ಕಳೂ ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ತಪ್ಪನ್ನು ಒಬ್ಬರು ನೋಡಿ ಬರೆಯುತ್ತ ಅನ್ಯೋನ್ಯವಾಗಿದ್ದರು.

"ಮಾಸ್ತ್ರೇ, ಸುಬ್ರಾಯನ ಮಾಣಿಗೆ ಬಿ. ಯಮ್ಮನೆ ಮಾಣಿಗೆ ಸಿ. ಇದು ಎಂತ ನ್ಯಾಯ?"

"ಭಟ್ರೇ, ಅದು ಬಂದ ಗ್ರೇಡಲ್ಲ. ನಾನು ನಿರೀಕ್ಷೆ ಮಾಡಿದ್ದು."

"ಅದೇ ಆನು ಹೇಳದು! ಬಪ್ಪದು ಎಷ್ಟಾದ್ರೂ ಬರ್ಲಿ, ಅದು ಮಾಣಿ ಹಣೆಬರಹ. ನಿರೀಕ್ಷೆ ಮಾಡುಲೆ ನಿಂಗೊಕ್ಕೆ ಎಂತ ಖರ್ಚು?"

ಖರ್ಚೇನೂ ಇಲ್ಲ ಎಂಬುದು ನಿಜವೇ. ಭಟ್ಟರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಎಲ್ಲ ಪಾಲಕರೂ ನನ್ನ ಮುಖ ನೋಡತೊಡಗಿದರು. ನಾನು ಜಿಪುಣನೆಂಬ ಅಪವಾದ ಬೇಡವೆಂದು ಅಲ್ಲೇ ಸೂಜಿ ಕಿತ್ತು ಗಣಪ ಭಟ್ಟರ ಮಗನನ್ನು ಬಿಗೆ ಏರಿಸಿದೆ.

ಮರುದಿನ ಬೆಳಿಗ್ಗೆ ಸುಬ್ರಾಯ ಭಟ್ಟರು ಮನೆಗೇ ಬಂದರು, ಕೈಯಲ್ಲಿ ಜೇನುತುಪ್ಪದ ಬಾಟಲಿ. "ಗಣಪನ ಮಾಣಿಯೂ ಯಮ್ಮನೆ ಮಾಣಿಯೂ ಒಂದೇ ಹೇಳಿ ಆಗಿಹೋತಲಿ ಮಾಸ್ತ್ರೇ. ಊರಲ್ಲಿ ತಲೆ ಎತ್ತುಲೆ ಆಗ್ತಿಲ್ಲೆ" ಎಂದರು. ಜೇನು ಅಪ್ಪಟವಾಗಿತ್ತು. ಅವರ ಮಗ ಎಗೆ ಏರಿದ. ವಿಷಯ ಗೋಡೆಯಾಚೆ ಕೇಳಿಸಿ ಗಣಪ ಭಟ್ಟರು ಹಲಸಿನ ಹಪ್ಪಳದ ಕಟ್ಟಿನೊಂದಿಗೆ ಪ್ರತ್ಯಕ್ಷರಾದರು. ಅವರ ಮಗನೂ ಎಗೆ ಏರಿದ. ಎಗಿಂತ ಮೇಲೆ ಥರ್ಮೋಕೋಲು ಇರಲಿಲ್ಲ, ಹಾಗಾಗಿ ನಾನು ಉಳಿದೆ!

ಆಮೇಲೆ ತಡೆಯುವವರೇ ಇಲ್ಲ. ಒಬ್ಬ ತಾಯಿ ಮಗನ ಜಾತಕವನ್ನೇ ತಂದು, ಈ ಯುಗಾದಿಯಿಂದ ಗುರುಬಲವಿದೆ, ಜೋಯಿಸರೇ ಅಷ್ಟು ಧೈರ್ಯವಾಗಿ ಹೇಳಿರುವಾಗ ನಿಮ್ಮದೇನು ಅಡ್ಡಿ ಎಂದು ಕೇಳಿದರು. ನನಗೇನೂ ಅಡ್ಡಿಯಿರಲಿಲ್ಲ. ಕೆಂಪು ದಾರ ದಿನದಿಂದ ದಿನಕ್ಕೆ ಮೇಲೇರುತ್ತ ಹೋಯಿತು. ಪಾಠ ಕೇಳಲು ಯಾರೂ ಬರದ ನನ್ನ ಮನೆಗೆ ನಿರೀಕ್ಷೆ ಕೇಳಲು ಜನ ಬರುತ್ತಿದ್ದರು. ಇಷ್ಟು ಮರ್ಯಾದೆ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಕೊನೆಗೊಂದು ದಿನ ನಕ್ಷೆಯ ಎದುರು ನಿಂತು ನೋಡಿದೆ. ಕೆಂಪು ದಾರ ಈ ತುದಿಯಿಂದ ಆ ತುದಿಗೆ ಎ ಮೇಲೆ ನೆಟ್ಟಗೆ ಹೋಗಿತ್ತು. ನಡುವೆ ಒಂದೇ ಒಂದು ಕಡೆ ಹೊಂಡ ಬಿದ್ದಂತೆ ಕೆಳಗಿಳಿದಿತ್ತು. ಯಾರಪ್ಪಾ ಇದು ಎಂದು ಕನ್ನಡಕ ಏರಿಸಿ ಬಗ್ಗಿ ಓದಿದೆ. ಶುಭಾ! ಅವಳೊಬ್ಬಳ ಪರವಾಗಿ ಶಿಫಾರಸಿಗೆ ಯಾರೂ ಬಂದಿರಲಿಲ್ಲ. ಬರಬೇಕಾದ ಪಾಲಕನೇ ಸೂಜಿಯ ಡಬ್ಬಿ ಹಿಡಿದು ಕೂತಿದ್ದರೆ ಯಾರು ಬರುತ್ತಾರೆ!

ರಾಜಿಗೆಂದು ಸರಸ್ವತಿಯ ಹತ್ತಿರ ಮಾತು ತೆಗೆದೆ. "ನೀನೂ ಪಾಲಕಳೇ ಅಲ್ದಾ? ಸುಮ್ಮನೆ ಒಂದು ಮಾತು ಹೇಳು, ಏರಿಸ್ತೆ."

"ನಿಂಗ್ಳ ಮಗಳ ಮೇಲೆ ನಿಂಗೊಕ್ಕೆ ನಂಬಿಕೆ ಬಪ್ಪಲೆ ಆನು ಬಂದು ಶಿಫಾರಸು ಮಾಡಕ್ಕಾ? ಹಪ್ಪಳ ತಗಂಡು ಬರಕ್ಕಾ, ಜೇನು ತಗಂಡು ಬರಕ್ಕಾ?"

ಹೀಗೆ ಕೇಳಿದ ಮೇಲೆ ಏರಿಸಿದರೆ ಹೆಂಡತಿಗೆ ಹೆದರಿದ ಹಾಗಾಗುತ್ತದೆ. ನಾನು ತತ್ವಕ್ಕೆ ಅಂಟಿಕೊಂಡೆ. ನಕ್ಷೆಯಲ್ಲಿ ನನಗೆ ಉಳಿದಿದ್ದ ತತ್ವ ಅದೊಂದೇ.

ಅರ್ಧವಾರ್ಷಿಕ ಪರೀಕ್ಷೆ ಮುಗಿಯಿತು. ಹಸಿರು ದಾರವನ್ನು ಬಿಚ್ಚಿ ಹೊಸ ಗ್ರೇಡಿಗೆ ತಕ್ಕಂತೆ ಕಟ್ಟಿದೆ. ಕೆಂಪು ದಾರ ಆಕಾಶದಲ್ಲಿ, ಹಸಿರು ದಾರ ಪಾತಾಳದಲ್ಲಿ! ಗಣಪ ಭಟ್ಟರ ಮಗ ಮಾಮೂಲಿನಂತೆ ಸಿ ತೆಗೆದಿದ್ದ. ಎಬ್ಬಿಸಿ ನಿಲ್ಲಿಸಿ ಗದರಿದೆ.

"ನಿನ್ನಿಂದ ಎ ನಿರೀಕ್ಷೆ ಮಾಡಿದ್ದೆನಲ್ಲೋ!"

"ಸರ್, ನೀವು ಮೊದಲು ಸಿ ಅಂತ ಬರೆದಿದ್ರಿ. ನಾನು ಅಷ್ಟಕ್ಕೇ ಓದಿದ್ದೆ. ನಡುವೆ ಏರಿಸಿದ್ದು ನಂಗೆ ಯಾರೂ ಹೇಳಲೇ ಇಲ್ಲ!"

ಹುಡುಗ ನಿಜವಾಗಿಯೂ ನೊಂದಿದ್ದ. ಮಾತು ಕೊಟ್ಟಂತೆ ನಡೆದುಕೊಂಡರೂ ಬೈಸಿಕೊಳ್ಳಬೇಕಾಯಿತಲ್ಲ ಎಂಬ ಸಂಕಟ ಅವನ ಮುಖದ ಮೇಲಿತ್ತು.

ಇನ್ನು ಶುಭಾ. ಅವಳಿಗೆ ಬಂದದ್ದು ಬಿ. ಬಾರದೆ ಏನಾಗುತ್ತದೆ? ನಕ್ಷೆ ಗೋಡೆಗೇರಿದ ದಿನದಿಂದ ಅವಳು ನನ್ನ ಹತ್ತಿರ ಒಂದು ಲೆಕ್ಕವನ್ನೂ ಕೇಳಿರಲಿಲ್ಲ. ನಾನಾಗಿ ಕರೆದರೆ, "ಬತ್ತು ಅಪ್ಪಾ, ಯಂಗೇ ಬತ್ತು" ಎಂದು ಕೋಣೆಗೆ ಹೋಗಿಬಿಡುತ್ತಿದ್ದಳು.

ಇಷ್ಟು ಸಾಲದೆಂಬಂತೆ ಆ ವಾರವೇ ಮೇಲಿನ ಸಾಹೇಬರೊಬ್ಬರು ಶಾಲೆ ನೋಡಲು ಬಂದರು. ನಕ್ಷೆ ತೆಗೆದಿಡೋಣವೆಂದರೆ ಅದು ಬಾಗಿಲಿನಷ್ಟು ದೊಡ್ಡದು, ಅಡಗಿಸಲು ಜಾಗವಿಲ್ಲ. ಹತ್ತನೇ ತರಗತಿಯ ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿಕೊಂಡು ಸಾಹೇಬರು ಅದರ ಎದುರೇ ನಿಂತರು. ನಮ್ಮ ಹೆಡ್‌ಮಾಸ್ತರರು ಬನವಾಸಿ ಕಡೆಯವರು, ಬಹಳ ಮೆತ್ತಗಿನ ಮನುಷ್ಯ. ಅವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಎಲ್ಲರಿಂದಲೂ ಎ ನಿರೀಕ್ಷೆ. ಬಂದಿರುವುದು ಸಿ. ಅಂದರೆ ನಡುವಿನ ಅಷ್ಟೂ ತಿಂಗಳು ಗಣಿತದ ಪೀರಿಯಡ್ಡಿನಲ್ಲಿ ಏನು ನಡೆಯುತ್ತಿತ್ತು?" ಎಂದು ಸಾಹೇಬರು ಬಹಳ ಶಾಂತವಾಗಿ ಕೇಳಿದರು.

ಸೂಜಿ ಏರಿಸುವ ಕೆಲಸ ನಡೆಯುತ್ತಿತ್ತು ಎಂದು ಹೇಳುವುದು ಹೇಗೆ! ಅಷ್ಟರಲ್ಲಿ ಸಾಹೇಬರ ಕಣ್ಣು ಕೆಂಪು ದಾರದ ಹೊಂಡದ ಮೇಲೆ ಬಿತ್ತು. ಅಲ್ಲಿ ಮಾತ್ರ ಕೆಂಪು, ಹಸಿರು ಎರಡೂ ದಾರ ಒಂದೇ ಸೂಜಿಗೆ ಸೇರಿದ್ದವು. "ಆಹಾ! ಇಡೀ ತರಗತಿಯಲ್ಲಿ ನಿರೀಕ್ಷೆ ಮುಟ್ಟಿದವಳು ಇವಳೊಬ್ಬಳೇ. ಯಾರಮ್ಮ ಶುಭಾ? ಎದ್ದು ನಿಲ್ಲು. ಎಲ್ಲರೂ ಇವಳಿಗೆ ಚಪ್ಪಾಳೆ ಹೊಡೆಯಿರಿ!"

ಮಕ್ಕಳು ಚಪ್ಪಾಳೆ ಹೊಡೆದರು. ಹೆಡ್‌ಮಾಸ್ತರರು ಹೊಡೆದರು. ಸಾಹೇಬರ ಮುಖ ನೋಡಿ ನಾನೂ ಹೊಡೆದೆ. ಎ ಬರುತ್ತಿದ್ದ ಹುಡುಗಿ, ಬಿ ಬಂದದ್ದಕ್ಕೆ ಚಪ್ಪಾಳೆ ಹೊಡೆಸಿಕೊಳ್ಳುತ್ತ ತಲೆ ತಗ್ಗಿಸಿ ನಿಂತಿದ್ದಳು. ಅವಳ ಕಿವಿ ಕೆಂಪಾಗಿತ್ತು. ನನ್ನ ಕೈ ಮಾತ್ರ ಚಪ್ಪಾಳೆ ಹೊಡೆಯುತ್ತಲೇ ಇತ್ತು.

ಸಂಜೆ ಮನೆಗೆ ಬಂದವಳೇ ಅಮ್ಮನ ಹತ್ತಿರ ಹೇಳಿದಳು, ನನಗೂ ಕೇಳುವ ಹಾಗೆ. "ಆಯಿ, ಇನ್ಮೇಲೆ ಶನಿವಾರ ಶಾಲೆ ಬಿಟ್ಟ ಮೇಲೆ ಆನು ಯಲ್ಲಾಪುರಕ್ಕೆ ಹೋಗ್ತೆ. ರಘು ಮಾವನ ಹತ್ರ ಲೆಕ್ಕ ಹೇಳಿಸ್ಕತ್ತೆ. ಭಾನುವಾರ ಸಂಜೆ ವಾಪಸ್ ಬತ್ತೆ."

"ಗಣಿತದ ಮಾಸ್ತರ ಮನೆಯಲ್ಲೇ ಇಪ್ಪಕ್ಕರೆ ಎರಡು ಬಸ್ಸು ಹತ್ತಿ ಯಲ್ಲಾಪುರಕ್ಕಾ!" ಎಂದು ನಾನು ಹೌಹಾರಿದೆ. "ಜನ ನೋಡಿದ್ರೆ ಎಂತ ಹೇಳ್ತ? ಅದೂ ಆ ರಘುವಿನ ಹತ್ರ! ಈಗ ಬಿ ಆದ್ರೂ ಬತ್ತು. ಅಲ್ಲಿಗೆ ಹೋದ್ರೆ ಸಿ ಗ್ಯಾರಂಟಿ."

"ಹೋಗು ಕೂಸೆ" ಎಂದಳು ಸರಸ್ವತಿ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಠರಾವು ಪಾಸಾಯಿತು!

ಶಾಲೆಯಲ್ಲಿ ಹೆಡ್‌ಮಾಸ್ತರರು ಬಾಗಿಲು ಹಾಕಿಕೊಂಡು ನನಗೆ ಬುದ್ಧಿ ಹೇಳಿದರು. "ಹೆಗಡೇರ, ಹಿಂಗಾದ್ರ ನಾ ರಿಟೈರ್ ಆಗೂತನಕ ಸಾಹೇಬ್ರಿಗೆ ಉತ್ತರಾ ಬರಕೋತ ಕುಂಡ್ರಬೇಕಾಕ್ಕೇತಿ. ಹಸಿರು ಮ್ಯಾಲೆ ಏರಂಗಿಲ್ಲ, ಅದು ನಮ್ಮ ಕೈಯಾಗಿಲ್ಲ. ಕೆಂಪು ನಿಮ್ಮ ಕೈಯಾಗ ಐತಲ್ರಿ, ಅದನ್ನ ಕೆಳಗ ಇಳಿಸಿಬಿಡ್ರಿ."

ಎಂಥ ಮಾತು! ಒಂದೇ ಸಂಜೆಯಲ್ಲಿ ಕೆಂಪು ಸೂಜಿಗಳನ್ನೆಲ್ಲ ಕಿತ್ತು ಹಸಿರು ಸೂಜಿಗಳ ಪಕ್ಕಕ್ಕೇ ತಂದು ಚುಚ್ಚಿದೆ. ಯಾರಿಗೂ ಒಂದು ಅಂಕವೂ ಹೆಚ್ಚು ಬರಲಿಲ್ಲ, ಆದರೆ ನಮ್ಮ ಶಾಲೆಯ ಪ್ರತಿಯೊಂದು ಮಗುವೂ ನಿರೀಕ್ಷೆ ಮುಟ್ಟಿತು. ಹಾಗೆಂದು ವರದಿಯೂ ಹೋಯಿತು. ಅಭಿನಂದನೆ ಸಲ್ಲಿಸಿ ಉತ್ತರವೂ ಬಂತು!

ಅಭಿನಂದನೆಯ ಹಿಂದೆಯೇ ಪಾಲಕರು ಬಂದರು. ಹಪ್ಪಳ ಕೊಟ್ಟವರು, ಜೇನು ಕೊಟ್ಟವರು, ಜಾತಕ ತಂದವರು ಎಲ್ಲರೂ. ಮುಂಚೂಣಿಯಲ್ಲಿ ಗಣಪ ಭಟ್ಟರು ಮತ್ತು ಸುಬ್ರಾಯ ಭಟ್ಟರು ಭುಜಕ್ಕೆ ಭುಜ ತಾಗಿಸಿ ನಡೆದು ಬರುತ್ತಿದ್ದರು. ಹಿಸ್ಸೆಯಾದ ಮೇಲೆ ಮಾತೇ ಆಡದ ಆ ಇಬ್ಬರನ್ನು ಒಂದು ಮಾಡಲು ಪಂಚರಿಂದ ಆಗಿರಲಿಲ್ಲ. ನನ್ನಿಂದ ಆಯಿತು. "ಕೊಟ್ಟ ಎ ವಾಪಸ್ ಕಸ್ಕಂಬದು ಹೇಳಿದ್ರೆ ಎಂತ ಮಾಸ್ತ್ರೇ!" ಎಂದು ಇಬ್ಬರೂ ಒಂದೇ ಸ್ವರದಲ್ಲಿ ಕೂಗಿದರು. ಗಲಾಟೆ ನೋಡಲಾರದೆ ಹೆಡ್‌ಮಾಸ್ತರರು ಜವಾನನನ್ನು ಕರೆದು ನಕ್ಷೆಯನ್ನು ಇಳಿಸಿ ಮುರಿದ ಬೆಂಚುಗಳ ಕೋಣೆಗೆ ಹಾಕಿಸಿದರು.

ಶುಭಾ ಮಾತ್ರ ಶನಿವಾರ ತಪ್ಪಿಸಲಿಲ್ಲ. ಶಿರಸಿಗೆ ಒಂದು ಬಸ್ಸು, ಅಲ್ಲಿಂದ ಯಲ್ಲಾಪುರಕ್ಕೆ ಇನ್ನೊಂದು. ಎಷ್ಟೋ ಸಲ ನಿಂತುಕೊಂಡೇ ಹೋಗಿ ಬರುತ್ತಿದ್ದಳು. ವಾರದ ದಿನಗಳಲ್ಲಿ ಅವಳು ಲೆಕ್ಕ ಮಾಡುತ್ತಿದ್ದರೆ ನಾನು ಪೇಪರ್ ಓದುವವನಂತೆ ಅಲ್ಲೇ ಸುಳಿದಾಡುತ್ತಿದ್ದೆ. ಒಮ್ಮೆ ತಡೆಯಲಾಗಲಿಲ್ಲ.

"ಆ ಪ್ರಮೇಯ ಹಂಗೆ ಶುರು ಮಾಡದಲ್ಲ."

"ಮಾವ ಹಿಂಗೇ ಹೇಳಿಕೊಟ್ಟಿದ್ದ."

"ಅವಂಗೆ ಎಂತ ಗೊತ್ತಿದ್ದು?"

ಅವಳು ಪುಸ್ತಕ ಮುಚ್ಚಿ ಒಳಗೆ ಹೋದಳು. ನಾನು ಆ ಪ್ರಮೇಯವನ್ನು ಕದ್ದು ನೋಡಿದೆ. ಸರಿಯಾಗಿತ್ತು. ನನ್ನದಕ್ಕಿಂತ ಚಿಕ್ಕದಾಗಿಯೂ ಇತ್ತು. ನನಗೆ ಹೊಟ್ಟೆ ಉರಿದುಹೋಯಿತು. ರಘುವಿನ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಶುಭಾಳಿಗೆ ಗಣಿತದಲ್ಲಿ ನೂರಕ್ಕೆ ಎರಡೇ ಅಂಕ ಕಡಿಮೆ! ಶಿರಸಿಯ ಸೀಟಿನ ಬಗ್ಗೆ ಇನ್ನು ಯಾರೂ ಮಾತಾಡುವ ಹಾಗಿರಲಿಲ್ಲ. ನೋಟೀಸು ಬೋರ್ಡಿನ ಮುಂದೆ ನಿಂತು ನಾನು ಆ ಸಂಖ್ಯೆಯನ್ನು ಮತ್ತೆ ಮತ್ತೆ ಓದಿದೆ, ಕಣ್ಣು ಮಂಜಾಯಿತು. ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದು ಬೆನ್ನು ತಟ್ಟಿದರು. "ಮಗಳಿಗೆ ಛಲೋ ಕಲಿಸೀರಿ ಬಿಡ್ರಿ ಹೆಗಡೇರ!"

ನಾನು ಇಲ್ಲ ಎನ್ನಬಹುದಿತ್ತು. ಆದರೆ ಸುತ್ತಲೂ ಪಾಲಕರು ಸೇರಿದ್ದರು. "ಅದೊಂದು ಮನೋವೈಜ್ಞಾನಿಕ ತಂತ್ರ. ಬೇಕೆಂದೇ ನಿರೀಕ್ಷೆ ಕಡಿಮೆ ಇಟ್ಟೆ. ಮಗುವಿಗೆ ಛಲ ಹುಟ್ಟಲಿ ಅಂತ" ಎಂದುಬಿಟ್ಟೆ.

"ಹಂಗಾರೆ ಯಮ್ಮನೆ ಮಾಣಿಗೂ ಸಿಯೇ ಇಡಕ್ಕಾಗಿತ್ತು!" ಎಂದು ಗಣಪ ಭಟ್ಟರು ಗುಡುಗಿದರು. "ಎಂತಕ್ಕೆ ಏರಿಸಿದ್ರಿ? ನಿಂಗೊಕ್ಕೆ ಹಪ್ಪಳ ಬೇರೆ ಕೊಟ್ಟಿದ್ದೆ!"

ಅಲ್ಲಿಂದ ಹೇಗೋ ಪಾರಾಗಿ ಲಾಡು ಕಟ್ಟಿಸಿಕೊಂಡು ಮನೆಗೆ ಬಂದರೆ ರಘು ಯಲ್ಲಾಪುರದಿಂದ ಬಂದು ಕೂತಿದ್ದ. "ಕೂಸು ಹುಷಾರು ಭಾವ, ಯಂದು ಎಂತದೂ ಇಲ್ಲೆ" ಎಂದು ಮೊದಲೇ ಸಂಕೋಚಪಟ್ಟುಕೊಂಡ. ಅವನು ಅಷ್ಟು ಸಂಕೋಚಪಟ್ಟುಕೊಂಡ ಮೇಲೆ ನನಗೆ ಧೈರ್ಯ ಬಂತು. ತಂತ್ರ, ಛಲ, ಮನೋವಿಜ್ಞಾನ ಎಲ್ಲವನ್ನೂ ಅವನ ಮುಂದೆ ಇನ್ನೊಮ್ಮೆ ವಿವರಿಸಿ, ಕೊನೆಗೆ ಮಗಳ ತಲೆ ಸವರುತ್ತ ಕೇಳಿದೆ. "ಅದೆಲ್ಲ ಸರಿ ಮಗಾ. ಆದ್ರೂ ಮನೆಯಲ್ಲೇ ಅಪ್ಪ ಇದ್ದಾಗ ಅಷ್ಟು ದೂರ ಎಂತಕ್ಕೆ ಹೋಗಕ್ಕಾಗಿತ್ತು?"

ಅವಳಿಗೆ ಈಗ ಸಿಟ್ಟೇನೂ ಇರಲಿಲ್ಲ. ಲಾಡು ಅಗಿಯುತ್ತಲೇ, ಲೆಕ್ಕದ ಮುಂದಿನ ಮೆಟ್ಟಿಲು ಹೇಳುವವಳ ಹಾಗೆ ಹೇಳಿದಳು.

"ನಿನ್ನ ಹತ್ರ ಕಲ್ತ್ರೆ ಬಿ ಬತ್ತು ಹೇಳಿ ನೀನೇ ಬರದು ಗೋಡೆಗೆ ಹಾಕಿದ್ದೆ ಅಲ್ದಾ ಅಪ್ಪಾ? ಯಂಗೆ ಎ ಬೇಕಾಗಿತ್ತು."

ರಘು ತಲೆಯೆತ್ತಿ ಮನೆಯ ಮಾಡಿನ ಕಡೆ ನೋಡತೊಡಗಿದ. ಸರಸ್ವತಿ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು. ಇಷ್ಟು ವರ್ಷ ಮಕ್ಕಳ ಉತ್ತರಗಳಲ್ಲಿ ತಪ್ಪು ಹುಡುಕಿಯೇ ಸಂಬಳ ತಿಂದವನು ನಾನು. ಅವಳ ಈ ಉತ್ತರದಲ್ಲಿ ಒಂದು ತಪ್ಪನ್ನು ಇವತ್ತಿನವರೆಗೂ ಹುಡುಕುತ್ತಲೇ ಇದ್ದೇನೆ!